ಡಿಸ್ಕೊಸೈಕ್ಲಿನಾ: ಚಿಪ್ಪಿನ ರಚನೆ ಮತ್ತು ವರ್ಗೀಕರಣದ ಬೆಳವಣಿಗೆ

ಫೊರಾಮಿನಿಫೆರಾಗಳೆಂದರೆ ಬಹುಮಟ್ಟಿಗೆ ಕಡಲಿನಲ್ಲಿ ಬಾಳುವ, ಚಿಪ್ಪುಳ್ಳ ಏಕಕೋಶ ಜೀವಿಗಳು. ಅವುಗಳಲ್ಲೊಂದಾದ ಡಿಸ್ಕೊಸೈಕ್ಲಿನಾ ಕುಲವು ಪೇಲಿಯೊಸೀನ್ ಯುಗದಲ್ಲಿ ಕಾಣಿಸಿಕೊಂಡು, ಬೆಚ್ಚಗಿನ ಕಡಲುಗಳಲ್ಲಿ ಹೇರಳವಾಗಿ ಹಬ್ಬಿ, ಸುಮಾರು 3.4 ಕೋಟಿ ವರ್ಷಗಳ ಹಿಂದೆ ಇಯೋಸೀನ್ ಯುಗ ಮುಗಿಯುವ ಹೊತ್ತಿಗೆ ಅಳಿದುಹೋಯಿತು. ಇದರ ಅಧ್ಯಯನವು ಚಿಪ್ಪಿನ ಹೊರರೂಪದಿಂದ ಒಳರಚನೆಗೆ, ಅಲ್ಲಿಂದ ಮೊದಲ ಕೋಣೆಗಳ ಅಳತೆಗೆ ಹಂತಹಂತವಾಗಿ ಸಾಗಿಬಂದಿದೆ.

1840ರಲ್ಲಿ ಸೋವರ್ಬಿ ಕಛ್‌ನಿಂದ ಬಂದ ಪಳೆಯುಳಿಕೆಯೊಂದನ್ನು ಲೈಕೋಫ್ರಿಸ್ ಡಿಸ್ಪಾನ್ಸಸ್ ಎಂದು ಹೆಸರಿಸಿದರು. ಇಂದು ಅದು ಡಿಸ್ಕೊಸೈಕ್ಲಿನಾ ಡಿಸ್ಪಾನ್ಸಾ ಎನಿಸಿಕೊಂಡಿದೆ. ಬಿಲ್ಲೆಯಂಥ ಚಿಪ್ಪುಗಳಲ್ಲಿ ಹಲವನ್ನು ಆರ್ಬಿಟಾಯ್ಡಿಸ್ ಎಂಬ ಒಂದೇ ಕುಲಕ್ಕೆ ಸೇರಿಸುತ್ತಿದ್ದ ಆ ಶತಮಾನದಲ್ಲಿ, ಗ್ಯುಂಬೆಲ್ 1870ರಲ್ಲಿ ಡಿಸ್ಕೊಸೈಕ್ಲಿನಾವನ್ನು ಅದರ ಉಪಕುಲವಾಗಿ ಗುರುತಿಸಿದರು. 1891ರಲ್ಲಿ ಮ್ಯೂನಿಯೆ-ಷಾಲ್ಮಾ ಆಯತಾಕಾರದ ಕೋಣೆಗಳುಳ್ಳ ಗುಂಪಿಗೆ ಆರ್ಥೊಫ್ರಾಗ್ಮಿನಾ ಎಂಬ ಹೆಸರು ಕೊಟ್ಟರು. ಹೀಗೆ ಕೋಣೆಯ ಆಕಾರವೇ ವರ್ಗೀಕರಣದ ಆಧಾರವಾಯಿತು.

ಸುಣ್ಣದಿಂದಾದ ಈ ಚಿಪ್ಪನ್ನು ನಡುಮಟ್ಟದಲ್ಲಿ ಅಡ್ಡಲಾಗಿ ಸೀಳಿ ತೆಳುವಾಗಿ ಉಜ್ಜಿದರೆ, ಮರದ ಬೆಳವಣಿಗೆಯ ಉಂಗುರಗಳಂತೆ ಒಂದರ ಹೊರಗೊಂದು ಸುತ್ತಿಕೊಂಡ ವಲಯಗಳೂ, ಪ್ರತಿ ವಲಯದಲ್ಲಿ ಸಾಲುಗಟ್ಟಿದ ಆಯತಾಕಾರದ ಪುಟ್ಟ ಕೋಣೆಗಳೂ ಕಾಣುತ್ತವೆ. ಈ ಮಧ್ಯಪದರದ ಮೇಲೂ ಕೆಳಗೂ ಪಾರ್ಶ್ವ ಕೋಣೆಗಳ ಅನೇಕ ಪದರಗಳಿದ್ದು, ಅವುಗಳ ನಡುವೆ ಎದ್ದ ಸುಣ್ಣದ ಕಂಬಗಳ ತುದಿಗಳು ಹೊರಮೈಯಲ್ಲಿ ಹರಳುಗಳಂತೆ ತೋರುತ್ತವೆ. ಕೇಂದ್ರದಲ್ಲಿರುವ ಭ್ರೂಣಭಾಗದಲ್ಲಿ ಚಿಕ್ಕದಾದ ಮೊದಲ ಕೋಣೆಯನ್ನು ದೊಡ್ಡದಾದ ಎರಡನೆಯ ಕೋಣೆ ಬಹುಮಟ್ಟಿಗೆ ಬಳಸಿಕೊಂಡಿರುತ್ತದೆ. ಒಂದೇ ಪ್ರಭೇದದಲ್ಲಿ ದೊಡ್ಡ ಭ್ರೂಣದ ಮತ್ತು ಅತಿಸಣ್ಣ ಭ್ರೂಣದ ಎರಡು ಪೀಳಿಗೆಗಳಿರುವುದರಿಂದ, ಹೊರರೂಪವನ್ನಷ್ಟೇ ನಂಬಿದರೆ ಒಂದು ಪ್ರಭೇದವನ್ನು ಎರಡೆಂದು ಎಣಿಸುವ ಅಪಾಯವಿದೆ.

ಈ ಭ್ರೂಣವೇ ಮುಂದಿನ ವರ್ಗೀಕರಣಕ್ಕೆ ಅಳತೆಗೋಲಾಯಿತು. ಹಂಗೇರಿಯ ಲೆಶ್ 1987ರಲ್ಲಿ ದೊಡ್ಡ ಭ್ರೂಣದ ಪೀಳಿಗೆಯ ಎರಡನೆಯ ಕೋಣೆಯ ವ್ಯಾಸವು ಒಂದೇ ವಂಶದಲ್ಲಿ ಕಾಲಾನುಕ್ರಮದಲ್ಲಿ ಹಿಗ್ಗುವುದನ್ನು ಆಧರಿಸಿ ಉಪಪ್ರಭೇದಗಳನ್ನು ವಿಂಗಡಿಸಿದರು. ಈ ದಾರಿಯಲ್ಲೇ ಮುಂದುವರಿದು, 2018ರಲ್ಲಿ ಓಜ್ಜಾನ್, ಸರಸ್ವತಿ ಮತ್ತು ಸಂಗಡಿಗರು ಕಛ್‌ನ ಫುಲ್ರಾ ಸುಣ್ಣಕಲ್ಲಿನ ಚಿಪ್ಪುಗಳ ಅಧ್ಯಯನವನ್ನು ಪ್ರಕಟಿಸಿದರು.

ಈ ಚಿಪ್ಪುಗಳು ಎಲ್ಲ ಬಂಡೆಗಳಲ್ಲೂ ಸಿಗುವುದಿಲ್ಲ. ಆಂಧ್ರಪ್ರದೇಶದ ಆದವಾನಿ, ಆಲೂರು ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಾಗಲಿ, ಕರ್ನೂಲಿನ ಪೂರ್ವದ ಪ್ರಾಚೀನ ಸುಣ್ಣಕಲ್ಲುಗಳಾಗಲಿ ಡಿಸ್ಕೊಸೈಕ್ಲಿನಾ ಹುಟ್ಟುವುದಕ್ಕೆ ಬಹಳ ಮುಂಚಿನವು. ಇಯೋಸೀನ್ ಕಡಲು ಉಳಿಸಿಹೋದ ಪದರಗಳನ್ನು ದಕ್ಷಿಣದಲ್ಲಿ ಪರ್ಯಾಯದ್ವೀಪದ ಅಂಚಿನಲ್ಲೇ ಹುಡುಕಬೇಕು. ಪಾಂಡಿಚೇರಿಯ ಬಳಿ ಅಂಥ ಪದರಗಳಿರುವುದನ್ನು 1938ರಲ್ಲಿ ಫ್ಯೂರಾನ್ ಮತ್ತು ಲೆಮ್ವಾನ್ ವರದಿ ಮಾಡಿದರು. ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನಿ ಎಲ್. ರಾಮರಾವ್ ಅದೇ ವಿಷಯವಾಗಿ ಬರೆದರು. ಮುಂದೆ ಬಿ. ಕೆ. ಸಾಮಂತ ಹೆಸರಿಸಿದ ಡಿಸ್ಕೊಸೈಕ್ಲಿನಾ ರಾಮರಾವೈ ಎಂಬ ಪ್ರಭೇದದಲ್ಲಿ ರಾಮರಾವ್ ಅವರ ಹೆಸರು ಸೇರಿಕೊಂಡಿದೆ. ಬಂಡೆಯ ವಯಸ್ಸನ್ನು ಹೇಳಲು ಚಿಪ್ಪಿನ ಸರಿಯಾದ ಹೆಸರು ಬೇಕು, ಆ ಹೆಸರನ್ನು ನಿರ್ಧರಿಸಲು ಭ್ರೂಣದ ನಡುವೆ ಹಾದುಹೋಗುವ ನಿಖರವಾದ ಛೇದ ಬೇಕು; ಆದುದರಿಂದ ಹೊರರೂಪದಿಂದಷ್ಟೇ ಗುರುತಿಸಿದ ಹಳೆಯ ಸಂಗ್ರಹಗಳನ್ನು ಮತ್ತೆ ಛೇದಿಸಿ ಅಳೆಯುವುದು ಈ ಕ್ಷೇತ್ರದ ಅಗತ್ಯವಾದ ಕೆಲಸವಾಗಿದೆ.