ಚೌಳು ಮಣ್ಣಿನ ಮಾಳಿಗೆ

ಹೂವಿನಹಡಗಲಿ ಎಂದೊಡನೆ ಹೊರಗಿನವರಿಗೆ ಮಲ್ಲಿಗೆ ನೆನಪಾಗುತ್ತದೆ. ಸ್ವಲ್ಪ ತಿಳಿದವರಿಗೆ ಮೈಲಾರದ ಕಾರಣಿಕವೂ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರೂ ನೆನಪಾಗುತ್ತಾರೆ. ಈ ಸೀಮೆಯ ಮನೆಗಳ ತಲೆಯ ಮೇಲಣ ಮಣ್ಣನ್ನು ನೆನೆಯುವವರು ಕಡಿಮೆ. ಆ ಮಣ್ಣಿಗೂ ಒಂದು ಚರಿತ್ರೆಯುಂಟು. ಅದನ್ನು ಏರಿಸಿ, ಹರವಿ, ಬಡಿದು, ಮನೆಯವರನ್ನು ಒಣಗಿದ ನೆಲದಲ್ಲಿ ಮಲಗಿಸಿದ ಕೈಗಳಿಗೂ ಒಂದು ಚರಿತ್ರೆಯುಂಟು.

ಮೊದಲು ಮಾತಿನ ವಿಚಾರ. ಹಳಗನ್ನಡ ಕಾವ್ಯಗಳಲ್ಲಿ ಮಾಳಿಗೆ ಎಂದರೆ ಸಿರಿವಂತರ ಉಪ್ಪರಿಗೆಯ ಮನೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಅದೇ ಮಾತು ಬಡವನ ಮನೆಯ ಚಪ್ಪಟೆಯಾದ ಮಣ್ಣಿನ ಮೇಲ್ಭಾಗಕ್ಕೂ ಸಲ್ಲುತ್ತದೆ. ಇನ್ನು ಛಾವಣಿ ಎಂಬುದು ಹೊದಿಸುವುದು ಎಂಬ ಅರ್ಥದ ಹಿಂದೀ ಧಾತುವಿನಿಂದ ಬಂದದ್ದು. ದಂಡಿನ ಪಾಳೆಯಕ್ಕೂ ಛಾವಣಿ ಎನ್ನುತ್ತೇವೆ. ಸಿಪಾಯಿಗಳಿಗೆ ಹುಲ್ಲು ಹೊದಿಸಿದ ಮನೆಗಳನ್ನು ಕಟ್ಟುತ್ತಿದ್ದುದೇ ಅದಕ್ಕೆ ಮೂಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿಯಲ್ಲಿ ದಂಡು ನೆಲಸಿತು, ಮಾತೂ ನೆಲಸಿತು.

ಹುಲ್ಲಿನ ಹೊದಿಕೆಯೇ ಎಲ್ಲಕ್ಕಿಂತ ಹಳೆಯದು. ವಿಜಯನಗರದ ವೈಭವವನ್ನು ಬಣ್ಣಿಸಿದ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ಸಹ, ಸುಮಾರು 1516ರ ತನ್ನ ಗ್ರಂಥದಲ್ಲಿ, ಪ್ರಭುಗಳ ಅರಮನೆಗಳನ್ನು ಹೇಳಿದ ಬಳಿಕ ಉಳಿದ ಜನರ ಮನೆಗಳಿಗೆ ಹುಲ್ಲಿನ ಹೊದಿಕೆಯೆಂದೂ ಆದರೂ ಅವು ಸೊಗಸಾಗಿ ಕಟ್ಟಿದವೆಂದೂ ತಿಳಿಸುತ್ತಾನೆ. ಹಂಪೆಗೆ ಹೋದವರು ಅರಮನೆಯ ಆವರಣದಲ್ಲಿ ಜಗತಿಗಳನ್ನು ಮಾತ್ರ ಕಾಣುತ್ತಾರೆ, ಮೇಲೆ ಏನೂ ಇಲ್ಲ. ಅರಮನೆಗಳ ಕಂಬ, ತೊಲೆಗಳು ಮರದವು. 1565ರ ಯುದ್ಧದ ತರುವಾಯ ಬೆಂಕಿ ಬಿದ್ದಾಗ ಅವು ಬೂದಿಯಾದವು. ಕಲ್ಲಿನ ಗುಡಿಗಳು ಉಳಿದವು.

ಆ ಕಲ್ಲು ಕೂಡ ಮರದ ಕೆಲಸಗಾರನ ಶಿಷ್ಯನೇ. ಐಹೊಳೆಯ ಲಾಡಖಾನ ಗುಡಿಯ ಮೇಲೆ ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳನ್ನು ಉದ್ದನೆಯ ಕಲ್ಲುಪಟ್ಟಿಗಳಿಂದ ಮುಚ್ಚಿದ್ದಾರೆ. ನೋಡಿದರೆ ಮರದ ಬೊಡ್ಡೆಗಳನ್ನು ಇಟ್ಟಂತೆಯೇ ಇದೆ. ಹಂಪೆಯ ವಿಠ್ಠಲ ದೇವಾಲಯದ ಸೂರಿನ ಕೆಳಮೈಯನ್ನು ಕತ್ತೆತ್ತಿ ನೋಡಿದರೆ ಮರದ ತೊಲೆಪಟ್ಟಿಗಳನ್ನೆಲ್ಲ ಕಲ್ಲಿನಲ್ಲಿ ಕೊರೆದಿರುವುದು ಕಾಣುತ್ತದೆ. ಮನೆಯ ಮೇಲೆ ಹತ್ತಿ ಕೆಲಸ ಮಾಡಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಕೆಲಸದ ಚಿತ್ರವನ್ನಾದರೂ ಶಿಲ್ಪಿಗಳು ಉಳಿಸಿದರು.

ಈಗ ನಮ್ಮ ಮಾಳಿಗೆಗೆ ಬರೋಣ. ಈ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಮಂಗಳೂರಿನಲ್ಲಿ ಅದು 3,500ಕ್ಕೂ ಮಿಕ್ಕು. ಅಲ್ಲಿ ನೀರನ್ನು ಓಡಿಸಲು ಇಳಿಜಾರು ಬೇಕೇ ಬೇಕು. ಇಲ್ಲಿ ಬಿಸಿಲನ್ನು ತಡೆಯುವುದೇ ದೊಡ್ಡ ಕೆಲಸ. ಕಾಳು, ಮೆಣಸಿನಕಾಯಿ ಒಣಗಿಸಲೂ ಬೇಸಗೆಯಲ್ಲಿ ಮಲಗಲೂ ಚಪ್ಪಟೆ ಮಾಳಿಗೆ ಅನುಕೂಲ. ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಉಳ್ಳವರಿಗೆ ತೇಗ, ಇಲ್ಲದವರಿಗೆ ಬೇವು, ಜಾಲಿ. ಜಂತಿಗಳ ಮೇಲೆ ಸಣ್ಣ ಕಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಬಂದರಿಕೆ ಸೊಪ್ಪನ್ನೋ ಬೇವಿನ ಸೊಪ್ಪನ್ನೋ ಹರಡುತ್ತಾರೆ. ಮಣ್ಣು ಉದುರದಿರುವುದಕ್ಕೂ ಗೆದ್ದಲು ದೂರವಿರುವುದಕ್ಕೂ ಅದು ಉಪಾಯ. ಆಮೇಲೆ ಕಲಸಿದ ಮಣ್ಣಿನ ಮೇಲುಮುದ್ದೆ. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಕೆಲಸವಿಲ್ಲದೆ ಅಂಗಾತ ಮಲಗಿದವನನ್ನು ಜಂತಿ ಎಣಿಸುತ್ತಾನೆ ಎಂದು ಹಂಗಿಸುವುದುಂಟಷ್ಟೆ. ಇಂದಿನ ನಮ್ಮ ವಿದ್ಯಾರ್ಥಿಗಳಿಗೆ ಆ ನುಡಿಗಟ್ಟನ್ನು ತಿಳಿಸಬೇಕಾದರೆ ಕರಿಹಲಗೆಯ ಮೇಲೆ ಮನೆಯ ಚಿತ್ರವನ್ನು ಬರೆಯಬೇಕಾಗುತ್ತದೆ.

ಚೌಳು ಮಣ್ಣಿನ ಗುಣ ವಿಚಿತ್ರವಾದುದು. ಹೊಲದಲ್ಲಿ ಅದಕ್ಕಿಂತ ಕೆಟ್ಟ ಮಣ್ಣಿಲ್ಲ. ಸೋಡಿಯಂ ಹೆಚ್ಚಾಗಿರುವುದರಿಂದ ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದರಿ, ಸಣ್ಣ ರಂಧ್ರಗಳಲ್ಲೆಲ್ಲ ಕುಳಿತು ದಾರಿ ಮುಚ್ಚುತ್ತವೆ. ನೀರು ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತದೆ, ಪೈರಿನ ಬೇರು ಉಸಿರುಗಟ್ಟುತ್ತದೆ. ರೈತನನ್ನು ಅಳಿಸುವ ಈ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ. ಮಣ್ಣುಶಾಸ್ತ್ರ ಹುಟ್ಟುವುದಕ್ಕೆ ಬಹುಕಾಲ ಮುಂಚೆ ಇದನ್ನು ಕಂಡುಕೊಂಡವರು ಅಕ್ಷರ ತಿಳಿದವರಾಗಿರಬೇಕೆಂದೇನೂ ಇಲ್ಲ.

ಯುಗಾದಿ ಕಳೆದು, ರೋಹಿಣಿ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಯಬೇಕು. ಬುಟ್ಟಿಯಲ್ಲಿ ಮಣ್ಣು ಹೊರುವವರು ಒಂದು ಕಡೆ; ಮೇಲೆ ನಿಂತು ಹರವುವವನು ಇನ್ನೊಂದು ಕಡೆ. ಕಷ್ಟವಿರುವುದು ಹರವುವವನ ಕಣ್ಣಿನಲ್ಲಿ. ಮಾಳಿಗೆ ಚಪ್ಪಟೆಯೆಂದು ಕಂಡರೂ ನೀರು ದೋಣಿಯತ್ತ ಹರಿಯುವಷ್ಟು ಓಟ ಇರಲೇಬೇಕು. ಹೆಚ್ಚಾದರೆ ಮಣ್ಣೇ ಕೊಚ್ಚಿಹೋಗುತ್ತದೆ. ಕುಂಬಿಗೂ ಮಾಳಿಗೆಗೂ ಕೂಡುವ ಮೂಲೆ, ಬೆಳಕಿಂಡಿಯ ಸುತ್ತ, ದೋಣಿಯ ಬಾಯಿ, ಸೋರಿಕೆ ಹುಟ್ಟುವುದು ಈ ಮೂರು ಎಡೆಗಳಲ್ಲೇ. ಇನ್ನೊಂದು ಗುಟ್ಟು ಮಣ್ಣನ್ನು ತೆಗೆಯುವುದರಲ್ಲಿದೆ. ಹತ್ತು ಚದರ ಮೀಟರಿನ ಒಂದು ಕೋಣೆಯ ಮೇಲೆ 15 ಸೆಂಟಿಮೀಟರು ದಪ್ಪ ಮಣ್ಣಿದ್ದರೆ ಅದರ ತೂಕ ಎರಡು ಟನ್ನಿಗೂ ಮಿಕ್ಕುತ್ತದೆ. ನೆನೆದಾಗ ಇನ್ನೂ ಹೆಚ್ಚು. ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತ ಹೋಗಿ ಹಳೆಯದನ್ನು ಕೆರೆಯದಿದ್ದರೆ ತೊಲೆ ಬಾಗುತ್ತದೆ. ಬಾಗಿದ ಎಡೆಯಲ್ಲಿ ನೀರು ನಿಲ್ಲುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಕಾಣದಂತೆ ಕೊಳೆಯುತ್ತದೆ. ಬಲ್ಲವನು ಮೇಲೆ ಹತ್ತುವ ಮೊದಲು ಒಳಗೆ ಹೋಗಿ ತೊಲೆಯನ್ನು ಬಡಿದು ಸದ್ದು ಕೇಳುತ್ತಾನೆ. ಟೊಳ್ಳು ಸದ್ದು ಬಂದರೆ ಹತ್ತುವುದಿಲ್ಲ. ಅದು ಅವನ ಪ್ರಾಣದ ಪ್ರಶ್ನೆ.

ಚೌಳು ನೆಲಕ್ಕೆ ಇನ್ನೊಂದು ಒಕ್ಕಲೂ ಇತ್ತು. ಉಪ್ಪಿನಂಶವುಳ್ಳ ಮಣ್ಣನ್ನು ಎತ್ತರದ ಗುಂಡಿಗಳಲ್ಲಿ ತುಂಬಿ, ನೀರು ಹೊಯ್ದು ಬಸಿದು, ಬಸಿದ ನೀರನ್ನು ಗಾರೆಯ ಪಾತಿಗಳಲ್ಲಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದವರು ಉಪ್ಪಾರರು. ಹೆಸರೇ ಹೇಳುವಂತೆ ಉಪ್ಪು ಅವರ ಕುಲವೃತ್ತಿ. ಸಮುದ್ರದುಪ್ಪಿನ ಮೇಲೆ ಸರ್ಕಾರಕ್ಕೆ ವರಮಾನವಿದ್ದುದರಿಂದ ಮಣ್ಣುಪ್ಪು ಅದರ ಕಣ್ಣಿಗೆ ಕಿಸುರಾಯಿತು; 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸು ಸರ್ಕಾರ ಈ ಕಸುಬನ್ನು ಅಡಗಿಸಿತು. ಉಪ್ಪಿನ ತೆರಿಗೆಯೆಂದರೆ ನಾವು 1930ರ ದಂಡಿಯ ಕಡಲತೀರವನ್ನು ನೆನೆಯುತ್ತೇವೆ. ಅದಕ್ಕೂ ಮೊದಲೇ ಕಡಲಿಲ್ಲದ ಈ ಸೀಮೆಯಲ್ಲಿ ಮನೆಮನೆಗಳೇ ಕಸುಬು ಕಳೆದುಕೊಂಡಿದ್ದವು. ಅವರಲ್ಲಿ ಬಹುಮಂದಿ ಮಣ್ಣಿನ ಕೆಲಸ, ಗಾರೆ ಕೆಲಸ, ಕಟ್ಟಡದ ಕೆಲಸಗಳಿಗೆ ತಿರುಗಿದರು.

ಅದೇ ಶತಮಾನದಲ್ಲಿ ಪಡುವಣ ಕರಾವಳಿಯಿಂದ ಹೊಸ ಹೊದಿಕೆಯೊಂದು ಹೊರಟಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಒಂದರ ತುಟಿ ಇನ್ನೊಂದರ ಗಾಡಿಯಲ್ಲಿ ಕೂರುವ ಆ ಹೆಂಚು ಹತ್ತು ಚದರ ಮೀಟರಿಗೆ ನೂರೈವತ್ತು, ನೂರರವತ್ತು ಸಾಕು. ತೂಕ ಸುಮಾರು ನಾನೂರು ಕಿಲೋಗ್ರಾಂ. ಎರಡು ಟನ್ ಮಣ್ಣಿಗೆ ಎದುರಾಗಿ ಈ ಲೆಕ್ಕವನ್ನು ಇಟ್ಟು ನೋಡಿದರೆ ತೊಲೆಗಳಿಗೆ ಎಷ್ಟು ಹಗುರವಾಯಿತೆಂದು ತಿಳಿಯುತ್ತದೆ. ಬಯಲುಸೀಮೆಯ ಎಷ್ಟೋ ಶಾಲೆ, ಕಚೇರಿಗಳ ಮೇಲೂ ಅದು ಏರಿತು. ಆದರೆ ಹೆಂಚಿಗೂ ಆಳು ಬೇಕು: ಮಳೆಗೆ ಮುಂಚೆ ಕೈಯಾಡಿಸಬೇಕು, ಒಡೆದುದನ್ನು ಬದಲಿಸಬೇಕು. ಕೋತಿಗಳು ಇರುವವರೆಗೆ ಹೆಂಚಿನ ಕೆಲಸಗಾರನಿಗೆ ಕೆಲಸಕ್ಕೆ ಬರವಿಲ್ಲ!

ಮದರಾಸು ತಾರಸಿಯೆಂಬುದು ಮತ್ತೊಂದು ಬಗೆ. ಮರದ ಜಂತಿಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆಚೂರು ಸುಣ್ಣವನ್ನು ಹಾಸಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕುಳಿತು ದಿನಗಟ್ಟಲೆ ಮರದ ಕೊರಡಿನಿಂದ ಬಡಿಯಬೇಕು. ಬಾಳಿಕೆ ಬಹಳ, ಖರ್ಚೂ ಬಹಳ.

1953ರ ಅಕ್ಟೋಬರಿನಲ್ಲಿ ಈ ಸೀಮೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು; ಅದೇ ವರ್ಷ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಅಲ್ಲಿಂದೀಚೆಗೆ ಸಿಮೆಂಟು, ತಗಡು, ಕಬ್ಬಿಣ ಒಂದೊಂದಾಗಿ ಬಂದವು. ತಗಡಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕುಳಿತವರು ಹಳೆಯ ಮಾಳಿಗೆಯನ್ನು ಹೊಗಳುವುದು ಸಹಜ. ಹೊಗಳುವಾಗ 2009ನ್ನೂ ನೆನೆಯಬೇಕು. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ದಿನಗಟ್ಟಲೆ ಬಿಡದೆ ಹಿಡಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಲೆಕ್ಕವಿಲ್ಲದಷ್ಟು ಕುಸಿದವು. ಒಳಗೆ ಮಲಗಿದ್ದವರು ಸತ್ತರು. ಚೌಳು ಮಣ್ಣು ಒಂದೆರಡು ದಿನದ ಮಳೆಯನ್ನು ತಡೆದೀತು, ವಾರದ ಜಡಿಯನ್ನು ತಡೆಯುವುದು ಕಷ್ಟ. ವರ್ಷವರ್ಷವೂ ಮೇಲೆ ಹತ್ತಿ ನೋಡುವವನು ಇಲ್ಲದಿದ್ದರಂತೂ ಒಂದು ದಿನದ ಮಳೆಯೇ ಸಾಕು.

ಹತ್ತುವವನ ಪಾಡೇನು? ಕಟ್ಟಡ ಕೆಲಸಗಾರರ ಹಿತಕ್ಕಾಗಿ 1996ರಲ್ಲಿ ಕೇಂದ್ರದ ಕಾಯಿದೆ ಬಂತು; ಕರ್ನಾಟಕದ ಕಲ್ಯಾಣ ಮಂಡಳಿ 2007ರಲ್ಲಿ ಸ್ಥಾಪಿತವಾಯಿತು. ಬಿದ್ದು ಕೈಕಾಲು ಮುರಿದರೆ, ಸತ್ತರೆ ನೆರವು ದೊರೆಯಬೇಕಾದರೆ ಮೊದಲು ನೋಂದಣಿ ಆಗಿರಬೇಕು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಕಾಂಕ್ರೀಟಿನ ಆಳಿಗೆ ಇದು ಕಷ್ಟವಲ್ಲ. ಮಾಳಿಗೆಗೆ ಮಣ್ಣು ಹಾಕುವವನಿಗೆ ಯುಗಾದಿಯಿಂದ ರೋಹಿಣಿಯವರೆಗೆ ಸಿಗುವುದೇ ಅರುವತ್ತು ಎಪ್ಪತ್ತು ದಿನ, ಅದೂ ದಿನವೂ ಕರೆ ಬಂದರೆ. ಉಳಿದ ದಿನಗಳಿಗೆ ಅವನು ಗಾರೆಯ ಮೇಸ್ತ್ರಿಯ ಹಿಂದೆ ಹೋಗುತ್ತಾನೆ. ಹೋದವನ ಮಗ ಚೌಳು ಮಣ್ಣಿನ ಕಡೆ ಮರಳಿ ಬರುವುದಿಲ್ಲ.