ಕವಲು ಕೇಬಲಿನ ಪೂರ್ವಚರಿತ್ರೆ

ಒಂದು ಕೊನೆಯಲ್ಲಿ ಒಂದೇ ಬಾಯಿಯೂ ಮತ್ತೊಂದು ಕೊನೆಯಲ್ಲಿ ನಾಲ್ಕು ಬಾಯಿಗಳೂ ಉಳ್ಳದ್ದಾಗಿ, ಒಂದು ಕಂಟ್ರೋಲರಿಗೆ ನಾಲ್ಕು ಹಾರ್ಡ್ ಡಿಸ್ಕುಗಳನ್ನು ಜೋಡಿಸತಕ್ಕ ಕೇಬಲಿಗೆ ಬ್ರೇಕ್‌ಔಟ್ ಕೇಬಲ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಕವಲು ಕೇಬಲ್ ಎನ್ನುವುದರಲ್ಲಿ ಬಾಧಕವಿಲ್ಲ. ಇದರಲ್ಲಿ ಫಾರ್ವರ್ಡ್ ಎಂದೂ ರಿವರ್ಸ್ ಎಂದೂ ಎರಡು ಜಾತಿಗಳುಂಟು. ಹೊರಗಣ್ಣಿಗೆ ಇವೆರಡಕ್ಕೂ ಭೇದವಿಲ್ಲ. ಆದರೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಟ್ಟರೆ ನಾಲ್ಕು ಡಿಸ್ಕುಗಳಲ್ಲಿ ಒಂದೂ ಕಾಣಬರುವುದಿಲ್ಲ. ಈ ತೊಡಕು ತೀರ ಈಚಿನದೆಂದೂ, ಪ್ರತಿಯೊಂದು ಡಿಸ್ಕಿಗೂ ಪ್ರತ್ಯೇಕ ಮಾರ್ಗವನ್ನು ಕೊಡುವ ಪದ್ಧತಿ ಬಂದಮೇಲೆ ಹುಟ್ಟಿದುದೆಂದೂ ಮೇಲುನೋಟಕ್ಕೆ ತೋರುವುದು ಸಹಜ. ಹಳೆಯ ಕೇಬಲುಗಳ ರಚನೆಯನ್ನು ಪರಿಶೀಲಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಕವಲೂ ಹಳೆಯದು, ಸಮಾನರೂಪದ ತೊಡಕೂ ಹಳೆಯದು.

ಈ ವಿಚಾರ ಕೇವಲ ಯಂತ್ರಜ್ಞರಿಗೆ ಸಂಬಂಧಪಟ್ಟುದೆಂದು ಎಣಿಸಬೇಕಾಗಿಲ್ಲ. ತಾಳೆಯ ಗರಿಗಳ ಛಾಯಾಪ್ರತಿಗಳು, ಶಾಸನಗಳ ಪಡಿಯಚ್ಚುಗಳು, ನಿಘಂಟಿನ ಹಸ್ತಪ್ರತಿಗಳು ಮೊದಲಾದುವು ಇಂದು ಬಹುಮಟ್ಟಿಗೆ ಇಂತಹ ಡಿಸ್ಕುಗಳ ಸಮೂಹಗಳಲ್ಲಿಯೇ ರಕ್ಷಿತವಾಗಿವೆ. ಗೆದ್ದಲು ಹತ್ತಿದ ಓಲೆಯಲ್ಲಿ ಕೆಲವು ಅಕ್ಷರಗಳಾದರೂ ಉಳಿಯುತ್ತವೆ. ಸಮೂಹ ಕುಸಿದ ಡಿಸ್ಕಿನಲ್ಲಿ ಆ ಸಮಾಧಾನವೂ ಇಲ್ಲ.

ಹಾರ್ಡ್ ಡಿಸ್ಕಿನ ಇತಿಹಾಸವು ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ರಾಮ್ಯಾಕ್ ಯಂತ್ರವನ್ನು ಪ್ರಕಟಿಸಿದಂದಿನಿಂದ ಆರಂಭವಾಗುತ್ತದೆ. ಅದರಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಅಲಮಾರಿನಷ್ಟು ದೊಡ್ಡದಾದ ಆ ಯಂತ್ರದ ಕಾಲದಲ್ಲಿ ಇಲ್ಲಿಯ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಡಿಸ್ಕು ಕುಗ್ಗಿ ಮೇಜಿನ ಗಣಕದ ಒಳಗೆ ಹೊಕ್ಕಮೇಲೆಯೇ, ಒಂದು ಕಂಟ್ರೋಲರಿಗೆ ಎರಡು ಮೂರು ಡಿಸ್ಕುಗಳನ್ನು ಅಗ್ಗವಾಗಿ ಸೇರಿಸುವುದು ಹೇಗೆಂಬುದು ಸಾಮಾನ್ಯರ ಚಿಂತೆಯಾಯಿತು.

ಈ ದೃಷ್ಟಿಯಿಂದ ೧೯೮೦ನೆಯ ವರ್ಷ ಮುಖ್ಯವಾದುದು. ಮುಂದೆ ಸೀಗೇಟ್ ಎಂದು ಪ್ರಸಿದ್ಧವಾದ ಸಂಸ್ಥೆಯು ಆ ವರ್ಷ ಎಸ್.ಟಿ. ೫೦೬ ಎಂಬ, ೫ ಮೆಗಾಬೈಟು ಹಿಡಿಯುವ, ಐದೂಕಾಲು ಅಂಗುಲದ ಡಿಸ್ಕನ್ನು ಹೊರತಂದಿತು. ಇದನ್ನು ಜೋಡಿಸುವುದಕ್ಕೆ ಎರಡು ಕೇಬಲುಗಳು ಬೇಕಾಗಿದ್ದುವು. ೩೪ ಎಳೆಗಳ ಅಗಲವಾದ ಪಟ್ಟಿ ಆಜ್ಞೆಗಳನ್ನು ಒಯ್ಯುತ್ತಿತ್ತು. ಅದು ಹೂಮಾಲೆಯಂತೆ ಒಂದು ಡಿಸ್ಕಿನಿಂದ ಮುಂದಿನ ಡಿಸ್ಕಿಗೆ ಸಾಗುತ್ತಿತ್ತು. ೨೦ ಎಳೆಗಳ ಕಿರಿಯ ಪಟ್ಟಿಯಾದರೋ ದತ್ತಾಂಶವನ್ನು ಒಯ್ಯತಕ್ಕುದು; ಇದು ಕಂಟ್ರೋಲರಿನಿಂದ ಹೊರಟು ಪ್ರತಿಯೊಂದು ಡಿಸ್ಕಿಗೂ ಬೇರೆಬೇರೆಯಾಗಿ ಹೋಗುತ್ತಿತ್ತು. ಎಂದರೆ, ಆಜ್ಞೆಗೆ ಹಾರಪದ್ಧತಿ, ದತ್ತಾಂಶಕ್ಕೆ ಕವಲುಪದ್ಧತಿ ಎಂದಾಯಿತು. ಹಾರಪದ್ಧತಿ ಮೊದಲಿದ್ದು ಅದರಿಂದ ಕವಲುಪದ್ಧತಿ ವಿಕಾಸಗೊಂಡಿತೆಂಬ ಸರಳವಾದ ವಂಶಾವಳಿಯನ್ನು ಈ ಒಂದು ಸಾಕ್ಷ್ಯವೇ ಒಡೆಯುತ್ತದೆ. ಎರಡು ಪದ್ಧತಿಗಳೂ ಒಂದೇ ಡಿಸ್ಕಿನ ಬೆನ್ನಿನ ಮೇಲೆ ಒಟ್ಟಿಗೆ ಇದ್ದುವು.

ಹಾರದಲ್ಲಿ ಪೋಣಿಸಿದ ಡಿಸ್ಕುಗಳಲ್ಲಿ ಆಜ್ಞೆ ಯಾರಿಗೆ ಸೇರಿದುದೆಂದು ತಿಳಿಯುವುದು ಹೇಗೆ? ಮೊದಲು ಈ ಭಾರವನ್ನು ಡಿಸ್ಕೇ ಹೊರುತ್ತಿತ್ತು. ಅದರ ಮೇಲಿನ ಸಣ್ಣ ಜಂಪರನ್ನು ಸರಿಯಾದ ಸಂಖ್ಯೆಯಲ್ಲಿ ಇಡಬೇಕಾಗಿತ್ತು. ಐ.ಬಿ.ಎಂ.ನ ವೈಯಕ್ತಿಕ ಗಣಕಗಳಲ್ಲಿ ಇದಕ್ಕೊಂದು ಉಪಾಯ ರೂಢಿಗೆ ಬಂದಿತು. ಡಿಸ್ಕುಗಳಿಗೆಲ್ಲ ಒಂದೇ ಸಂಖ್ಯೆಯನ್ನು ಕೊಟ್ಟು, ಕೇಬಲಿನ ಕೆಲವು ಎಳೆಗಳನ್ನು ಮಾತ್ರ ನಡುವೆ ಸೀಳಿ ತಿರುಚಿಬಿಡುವುದು. ತಿರುಚಿಗೆ ಈಚೆ ಇರುವುದು ಒಂದು ಡಿಸ್ಕು, ಆಚೆ ಇರುವುದು ಮತ್ತೊಂದು. ಇದರಿಂದ ಜೋಡಿಸುವವನ ಕೆಲಸ ಹಗುರಾಯಿತು. ಆದರೆ ವಿಳಾಸವು ಡಿಸ್ಕಿನಿಂದ ಕೇಬಲಿಗೆ ವರ್ಗವಾಯಿತು. ಫ್ಲಾಪಿಯ ಕೇಬಲಿನಲ್ಲಿಯೂ ಇದ್ದುದು ೩೪ ಎಳೆಗಳೇ, ಅದರಲ್ಲಿಯೂ ತಿರುಚು ಇತ್ತು. ಅದರಲ್ಲಿ ತಿರುಚಿದುದು ೧೦ರಿಂದ ೧೬ರ ವರೆಗಿನ ಎಳೆಗಳನ್ನು, ಹಾರ್ಡ್ ಡಿಸ್ಕಿನದರಲ್ಲಿ ೨೫ರಿಂದ ೨೯ರ ವರೆಗಿನವನ್ನು. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಎಣಿಸಿದ ಹೊರತು ಇದು ಅದಲ್ಲವೆಂದು ಹೇಳುವಂತಿರಲಿಲ್ಲ. ಇಂದಿನ ಫಾರ್ವರ್ಡ್ ರಿವರ್ಸ್ ಗೊಂದಲಕ್ಕೆ ಇದೇ ಪೂರ್ವರೂಪ. ಆ ಕಾಲದವರಿಗೆ ತಿರುಚು ಕಣ್ಣಿಗಾದರೂ ಬೀಳುತ್ತಿತ್ತೆಂಬುದೊಂದೇ ವ್ಯತ್ಯಾಸ.

ಇದರ ಮುಂದಿನ ಎರಡು ಘಟ್ಟಗಳನ್ನು ಸಂಗ್ರಹವಾಗಿ ನೋಡಿದರೆ ಸಾಕು. ೧೯೮೬ರಲ್ಲಿ ಅಮೆರಿಕದ ಪ್ರಮಾಣಸಂಸ್ಥೆಯ ಅಂಗೀಕಾರ ಪಡೆದ ಸ್ಕಜಿ ಪದ್ಧತಿಯಲ್ಲಿ ೫೦ ಎಳೆಗಳ ಒಂದೇ ಹಾರ. ಕಂಟ್ರೋಲರೂ ಸೇರಿ ಎಂಟು ವಿಳಾಸಗಳು. ಹಾರದ ಎರಡು ತುದಿಗಳಲ್ಲಿಯೂ ಟರ್ಮಿನೇಟರ್ ಇಲ್ಲದಿದ್ದರೆ ಸಂಕೇತವು ಹಿಂದಕ್ಕೆ ಪ್ರತಿಧ್ವನಿಸಿ ದತ್ತಾಂಶವನ್ನು ಕೆಡಿಸುತ್ತಿತ್ತು. ಅದೇ ಸುಮಾರಿನಲ್ಲಿ ಹುಟ್ಟಿದ ಐ.ಡಿ.ಇ. ಪದ್ಧತಿ ೪೦ ಎಳೆಗಳದು. ಒಂದು ಪಟ್ಟಿಗೆ ಎರಡೇ ಡಿಸ್ಕುಗಳು, ಪಟ್ಟಿಯ ಉದ್ದ ೧೮ ಅಂಗುಲ. ಇದರಲ್ಲಿ ಕೇಬಲ್ ಸೆಲೆಕ್ಟ್ ಎಂಬ ಏರ್ಪಾಡಿನಲ್ಲಿ ೨೮ನೆಯ ಎಳೆ ಒಂದು ಡಿಸ್ಕನ್ನು ಮುಟ್ಟುತ್ತದೆ, ಮತ್ತೊಂದನ್ನು ಮುಟ್ಟುವುದಿಲ್ಲ. ಅಷ್ಟರಿಂದಲೇ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬ ನಿರ್ಣಯ. ವೇಗ ಹೆಚ್ಚಿದಮೇಲೆ ಇದೇ ೪೦ರ ಬಾಯಿಗೆ ೮೦ ಎಳೆಗಳ ಪಟ್ಟಿ ಬಂದಿತು. ಹೆಚ್ಚಿನ ೪೦ ಎಳೆಗಳೂ ನೆಲಕ್ಕೆ ಸೇರಿದುವು, ಸಂಕೇತಗಳ ನಡುವೆ ಗೋಡೆಯಂತೆ ನಿಲ್ಲತಕ್ಕವು. ಗೊಂದಲವಾಗದಂತೆ ಅದರ ಬಾಯಿಗಳಿಗೆ ಬಣ್ಣವನ್ನು ಗೊತ್ತುಮಾಡಿದರು: ನೀಲಿ ಗಣಕದ ಕಡೆಗೆ, ಕಪ್ಪು ತುದಿಯ ಡಿಸ್ಕಿಗೆ, ಬೂದು ನಡುವಿನದಕ್ಕೆ. ಕೇಬಲಿನ ಇತಿಹಾಸದಲ್ಲಿ ಒಳಗಿನ ಅರ್ಥವನ್ನು ಹೊರಗೆ ಕಾಣಿಸಿದ ಉತ್ತಮವಾದ ಏರ್ಪಾಡುಗಳಲ್ಲಿ ಇದೊಂದು. ಮುಂದಿನವರು ಇದನ್ನು ಕೈಬಿಟ್ಟುದು ಶೋಚನೀಯ.

೨೦೦೩ರಲ್ಲಿ ಬಳಕೆಗೆ ಬಂದ ಸಾಟಾ ಪದ್ಧತಿಯಲ್ಲಿ ಹಾರ ಸಂಪೂರ್ಣವಾಗಿ ಹೋಯಿತು. ಕೇಬಲಿನಲ್ಲಿ ಏಳು ಸಂಪರ್ಕಗಳು ಮಾತ್ರ: ಮೂರು ನೆಲಕ್ಕೆ, ಉಳಿದ ನಾಲ್ಕು ಎರಡು ಜೋಡಿ. ಒಂದು ಜೋಡಿ ಹೇಳುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ಪ್ರತಿಯೊಂದು ಡಿಸ್ಕಿಗೂ ತನ್ನದೇ ಮಾರ್ಗವಿರುವುದರಿಂದ ವಿಳಾಸದ ಪ್ರಶ್ನೆಯೇ ಏಳಲಿಲ್ಲ. ಇದರ ಜೊತೆಜೊತೆಗೇ ಬೆಳೆದ ಸ್ಯಾಸ್ ಪದ್ಧತಿ ಇಂತಹ ನಾಲ್ಕು ಮಾರ್ಗಗಳನ್ನು ಒಂದೇ ಬಾಯಿಯಲ್ಲಿ ಕಟ್ಟಿತು. ೩೬ ಸಂಪರ್ಕಗಳ ಎಸ್.ಎಫ್.ಎಫ್. ೮೦೮೭ ಎಂಬ ಬಾಯಿ ಇವುಗಳಲ್ಲಿ ಪ್ರಸಿದ್ಧವಾದುದು. ಈ ಸಂಖ್ಯೆಗಳನ್ನು ಕೊಡುತ್ತಿದ್ದುದು ೧೯೯೦ರಲ್ಲಿ ಸ್ಥಾಪಿತವಾದ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಸಮಿತಿ. ನಾಲ್ಕು ಮಾರ್ಗಗಳ ಈ ಕಟ್ಟನ್ನು ಬಿಚ್ಚಿ ನಾಲ್ಕು ಡಿಸ್ಕುಗಳಿಗೆ ಹಂಚುವುದೇ ಕವಲು ಕೇಬಲಿನ ಕೆಲಸ.

ಫಾರ್ವರ್ಡ್, ರಿವರ್ಸ್ ಎಂಬ ಭೇದಕ್ಕೆ ಮೂಲವು ಇಲ್ಲಿಯೇ ಇದೆ. ಸಾಟಾ ಕೇಬಲಿನಲ್ಲಿ ಎಳೆಗಳು ನೆಟ್ಟಗೆ ಹೋಗುತ್ತವೆ, ಎರಡನೆಯದು ಎರಡನೆಯದಕ್ಕೆ, ಮೂರನೆಯದು ಮೂರನೆಯದಕ್ಕೆ. ಆದುದರಿಂದ ಗಣಕದ ಬಾಯಿಯಲ್ಲಿ ಎರಡು ಮೂರನೆಯ ಸಂಪರ್ಕಗಳು ಹೇಳತಕ್ಕವು, ಡಿಸ್ಕಿನ ಬಾಯಿಯಲ್ಲಿ ಅವೇ ಕೇಳತಕ್ಕವು. ೮೦೮೭ರ ಸಂಪ್ರದಾಯ ಹಾಗಲ್ಲ. ಅದರಲ್ಲಿ ಎರಡು ಕೊನೆಗಳಿಗೂ ಒಂದೇ ಲಕ್ಷಣ, ಹೇಳುವುದನ್ನು ಕೇಳುವುದಕ್ಕೆ ದಾಟಿಸುವ ಕೆಲಸ ಕೇಬಲಿನದು. ಈ ಎರಡು ಸಂಪ್ರದಾಯಗಳು ಒಂದೇ ಕೇಬಲಿನಲ್ಲಿ ಸಂಧಿಸಿದಾಗ ದಿಕ್ಕು ಮುಖ್ಯವಾಗುತ್ತದೆ. ೮೦೮೭ರ ಕೊನೆ ಕಂಟ್ರೋಲರಿನಲ್ಲಿದ್ದು ನಾಲ್ಕು ಕವಲುಗಳು ಡಿಸ್ಕುಗಳಲ್ಲಿದ್ದರೆ ಅದು ಫಾರ್ವರ್ಡ್. ನಾಲ್ಕು ಕವಲುಗಳು ಗಣಕದ ಮದರ್‌ಬೋರ್ಡಿನ ಸಾಟಾ ಬಾಯಿಗಳಲ್ಲಿದ್ದು, ೮೦೮೭ರ ಕೊನೆ ಡಿಸ್ಕುಗಳನ್ನು ಹಿಡಿದಿರುವ ಬ್ಯಾಕ್‌ಪ್ಲೇನಿನಲ್ಲಿದ್ದರೆ ಅದು ರಿವರ್ಸ್. ಒಂದರಲ್ಲಿ ಹೇಳುವ ಎಳೆಗಳು ಸೇರಿದ ಕಡೆ ಇನ್ನೊಂದರಲ್ಲಿ ಕೇಳುವ ಎಳೆಗಳು ಸೇರಿರುತ್ತವೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪದ ಒಂದೇ, ಕಾರಕ ಬೇರೆ. ಅಪಾದಾನ ಯಾವುದು, ಸಂಪ್ರದಾನ ಯಾವುದು ಎಂಬುದನ್ನು ತಿಳಿಸುವ ಪ್ರತ್ಯಯವನ್ನು ಮಾತ್ರ ಕೇಬಲಿನ ಮೇಲೆ ಹಚ್ಚಿಲ್ಲ. ತಪ್ಪಾಗಿ ಜೋಡಿಸಿದರೆ ಸಾಮಾನ್ಯವಾಗಿ ಏನೂ ಸುಡುವುದಿಲ್ಲ. ಇಬ್ಬರು ಮಾತಾಡುತ್ತ ಇಬ್ಬರು ಕಿವಿಗೊಟ್ಟು ಕೂತಿರುವಂತೆ ಎಲ್ಲವೂ ನಿಶ್ಶಬ್ದವಾಗಿರುತ್ತದೆ. ಈ ನಿಶ್ಶಬ್ದವನ್ನು ಡಿಸ್ಕಿನ ಮರಣವೆಂದೋ ಕಂಟ್ರೋಲರಿನ ದೋಷವೆಂದೋ ಭ್ರಮಿಸುವುದು ಸುಲಭ.

ಆಯ್ಕೆಯಲ್ಲಿ ದಿಕ್ಕಿನ ತರುವಾಯ ನೋಡತಕ್ಕುದು ಬಾಯಿಯ ಜಾತಿಯನ್ನು. ಸೆಕೆಂಡಿಗೆ ಮಾರ್ಗವೊಂದಕ್ಕೆ ೬ ಗಿಗಾಬಿಟ್ಟಿನ ಕಾಲದ ಕಂಟ್ರೋಲರುಗಳಲ್ಲಿ ೮೦೮೭ ಸಾಮಾನ್ಯ. ೧೨ ಗಿಗಾಬಿಟ್ಟಿನವುಗಳಲ್ಲಿ ಎಸ್.ಎಫ್.ಎಫ್. ೮೬೪೩. ಹೆಸರಿನ ಕೊನೆಯಲ್ಲಿ ‘೮ಐ’ ಎಂದಿದ್ದರೆ ಒಳಮುಖವಾದ ಎಂಟು ಮಾರ್ಗಗಳೆಂದು ಅರ್ಥ. ಎಂದರೆ ಇಂತಹ ಎರಡು ಬಾಯಿಗಳು, ಎರಡು ಕವಲು ಕೇಬಲುಗಳು, ಎಂಟು ಡಿಸ್ಕುಗಳು. ಡಿಸ್ಕಿನ ಕೊನೆಯಲ್ಲಿಯೂ ವಿವೇಚನೆ ಬೇಕು. ಸ್ಯಾಸ್ ಕಂಟ್ರೋಲರು ಸಾಟಾ ಡಿಸ್ಕನ್ನು ಒಪ್ಪುತ್ತದೆ, ಸಾಟಾ ಕಂಟ್ರೋಲರು ಸ್ಯಾಸ್ ಡಿಸ್ಕನ್ನು ಒಪ್ಪುವುದಿಲ್ಲ. ಸ್ಯಾಸ್ ಡಿಸ್ಕಿಗೆ ಎಸ್.ಎಫ್.ಎಫ್. ೮೪೮೨ ಎಂಬ, ವಿದ್ಯುತ್ತಿನ ತಂತಿಯನ್ನೂ ಕೂಡಿಸಿಕೊಂಡ ಕೊನೆಯುಳ್ಳ ಕವಲೇ ಆಗಬೇಕು. ಏಳು ಸಂಪರ್ಕದ ಸಾದಾ ಸಾಟಾ ಕವಲು ಅದಕ್ಕೆ ಹಿಡಿಸುವುದಿಲ್ಲ. ಉದ್ದದ ವಿಷಯದಲ್ಲಿ ಸಾಟಾ ಡಿಸ್ಕುಗಳಿಗೆ ಒಂದು ಮೀಟರೇ ಮೇರೆ. ಎಕ್ಸ್‌ಪ್ಯಾಂಡರ್ ಇರುವ ಬ್ಯಾಕ್‌ಪ್ಲೇನಾದರೆ ಕವಲಿನ ಅಗತ್ಯವೇ ಇಲ್ಲ. ಎರಡು ಕಡೆಯೂ ಒಂದೇ ಬಾಯಿಯ ನೇರ ಕೇಬಲ್ ಸಾಕು.

ಇವೆಲ್ಲಕ್ಕಿಂತಲೂ ಅಪಾಯಕರವಾದುದು ಕವಲುಗಳ ಕ್ರಮ. ೧೯೮೮ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ರೇಡ್ ಎಂಬ ಸಿದ್ಧಾಂತವನ್ನು ಪ್ರಕಟಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿಗೆ ಬದಲು ಅಗ್ಗವಾದ ಅನೇಕ ಡಿಸ್ಕುಗಳನ್ನು ಒಟ್ಟುಗೂಡಿಸಿ, ಒಂದು ಸತ್ತರೂ ಉಳಿದವುಗಳಿಂದ ಅದರ ಒಳಗನ್ನು ಮರಳಿ ಪಡೆಯಬಹುದೆಂಬುದು ಅದರ ಸಾರ. ಅವರು ಹೇಳಿದ ಐದನೆಯ ಪ್ರಕಾರದಲ್ಲಿ ಒಂದು ಡಿಸ್ಕಿನ ಮರಣಕ್ಕೆ ಪರಿಹಾರವಿದೆ, ಎರಡರ ಮರಣಕ್ಕೆ ಇಲ್ಲ. ಹೀಗಿರುವಲ್ಲಿ ಮೂರನೆಯ ಡಿಸ್ಕು ಸತ್ತಿದೆಯೆಂದು ಕಂಟ್ರೋಲರು ತಿಳಿಸಿದಾಗ, ಮೂರನೆಯದು ಯಾವುದು? ಕವಲುಗಳ ಮೇಲೆ ಸಂಖ್ಯೆಗಳನ್ನು ಅಚ್ಚುಮಾಡಿರುವುದುಂಟು. ಆದರೆ ಆ ಎಣಿಕೆಯೂ ಕಂಟ್ರೋಲರಿನ ಎಣಿಕೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಸಂಖ್ಯೆಯನ್ನೇ ನಂಬಿ ಬದುಕಿರುವ ಡಿಸ್ಕನ್ನು ಹೊರಗೆಳೆದರೆ ಸತ್ತುದು ಒಂದು, ಎಳೆದುದು ಒಂದು, ಒಟ್ಟಿಗೆ ಎರಡಾಯಿತು, ಸಮೂಹ ಕುಸಿಯುತ್ತದೆ. ಎಳೆದುದನ್ನು ಹಿಂದಕ್ಕೆ ಕೂಡಿಸಿ ಬದುಕಿಸುವುದು ಕೆಲವೊಮ್ಮೆ ಸಾಧ್ಯವಾದರೂ ಅದನ್ನು ನೆಚ್ಚುವಂತಿಲ್ಲ. ಸೈಡ್‌ಬ್ಯಾಂಡ್ ಎಂಬ ಹೆಚ್ಚಿನ ತಂತಿಯುಳ್ಳ ಕೇಬಲುಗಳು, ಬ್ಯಾಕ್‌ಪ್ಲೇನೂ ಅದಕ್ಕೆ ಹೊಂದಿದ್ದರೆ, ಸತ್ತ ಡಿಸ್ಕಿನ ಮುಂದೆ ದೀಪವನ್ನು ಹೊತ್ತಿಸಿ ತೋರಿಸುತ್ತವೆ. ಅದಿಲ್ಲದ ಕಡೆ ಪ್ರತಿ ಡಿಸ್ಕಿನ ಮೇಲಿನ ಕ್ರಮಾಂಕವನ್ನು ಅದು ಕುಳಿತ ಸ್ಥಾನದೊಡನೆ ಬರೆದಿಡುವುದೊಂದೇ ಮಾರ್ಗ. ಓಲೆಗಳಿಗೆ ಪತ್ರಸಂಖ್ಯೆ ಹಾಕಿದ ಲಿಪಿಕಾರರು ಈ ಎಚ್ಚರವನ್ನು ಬಹುಕಾಲದ ಹಿಂದೆಯೇ ಪಾಲಿಸುತ್ತಿದ್ದರು.

ಪೂರ್ತಿ ಮೂಕವಾಗದೆ ಆಗಾಗ ತೊದಲುವ ಕೇಬಲ್ ಇನ್ನೊಂದು ಬಗೆಯದು. ಇದರಲ್ಲಿ ಡಿಸ್ಕುಗಳು ಕಾಣುತ್ತವೆ, ಕೆಲಸವೂ ನಡೆಯುತ್ತದೆ, ಸಮೂಹದಿಂದ ಒಂದು ಡಿಸ್ಕು ಕಾರಣ ತಿಳಿಯದೆ ಹೊರಬೀಳುತ್ತಿರುತ್ತದೆ. ಇಂತಹ ಸಂದರ್ಭಕ್ಕೆ ಡಿಸ್ಕಿನಲ್ಲಿಯೇ ಒಂದು ದಾಖಲೆ ಇದೆ. ದಾರಿಯಲ್ಲಿ ಕೆಟ್ಟು ಬಂದ ಸಂಕೇತಗಳ ಲೆಕ್ಕವನ್ನು ಸಾಟಾ ಡಿಸ್ಕುಗಳು ಸ್ಮಾರ್ಟ್ ಎಂಬ ತಮ್ಮ ಆತ್ಮಪರೀಕ್ಷೆಯ ಪಟ್ಟಿಯಲ್ಲಿ, ಸಾಮಾನ್ಯವಾಗಿ ೧೯೯ನೆಯ ಸಂಖ್ಯೆಯ ಕೆಳಗೆ, ಬರೆದಿಡುತ್ತವೆ. ತಟ್ಟೆಯ ದೋಷ ಅಲ್ಲಿ ಸೇರುವುದಿಲ್ಲ; ಅಲ್ಲಿ ಏರಿದ ಲೆಕ್ಕ ಬಹುಮಟ್ಟಿಗೆ ಕೇಬಲನ್ನೇ ಸೂಚಿಸುತ್ತದೆ. ಕೇಬಲನ್ನು ಬದಲಾಯಿಸಿದರೂ ಹಿಂದಿನ ಲೆಕ್ಕ ಇಳಿಯುವುದಿಲ್ಲ. ಆದುದರಿಂದ ಬದಲಾಯಿಸಿದ ದಿನದ ಸಂಖ್ಯೆಯನ್ನು ಗುರುತುಹಾಕಿಕೊಂಡು, ಕೆಲವು ದಿನಗಳ ಮೇಲೆ ಅದು ಏರಿದೆಯೇ ಅಲ್ಲಿಯೇ ನಿಂತಿದೆಯೇ ಎಂದು ನೋಡಬೇಕು.