ಕಡಲು ಸರಿದ ನೆಲ: ಕಲಬುರಗಿ ಮತ್ತು ಕಮಲಾಪುರ

ಕಲಬುರಗಿಯಿಂದ ಕಡಲು ಇಂದು ನೂರಾರು ಕಿಲೋಮೀಟರ್ ದೂರದಲ್ಲಿದ್ದರೂ ಈ ಸೀಮೆಯ ಪರಿಸರ ಚರಿತ್ರೆ ಆರಂಭವಾಗುವುದು ಕಡಲಿನಿಂದಲೇ. ನಗರದ ಆಗ್ನೇಯಕ್ಕೆ ಶಹಾಬಾದ್, ವಾಡಿ, ಸೇಡಂಗಳ ಕಡೆ ನೆಲದಡಿಯಲ್ಲಿ ಹಾಸುಹಾಸಾಗಿ ದೊರೆಯುವ ಸುಣ್ಣಕಲ್ಲು, ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಹೆಸರಿಸಿದ ಪದರಗಳಿಗೆ ಸೇರಿದ್ದು, ಅತಿ ಪ್ರಾಚೀನ ಕಾಲದಲ್ಲಿ ಇಲ್ಲಿ ಹರಡಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಇಳಿದ ಕೆಸರೇ ಗಟ್ಟಿಗೊಂಡು ಆದ ಕಲ್ಲು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಕಚ್ಚಾ ಸಾಮಗ್ರಿಯೂ ಆ ಕಡಲು ಬಿಟ್ಟುಹೋದ ಆಸ್ತಿಯೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿದ ಲಾವಾರಸ ಉತ್ತರದಿಂದ ಹರಿದುಬಂದು ಈ ಪದರಗಳ ಮೇಲೆ ಹರಡಿ ಕರಿಕಲ್ಲಾಯಿತು. ಆ ಕಲ್ಲು ಶಿಥಿಲವಾಗಿ ಉಂಟಾದ ಎರೆಮಣ್ಣು, ಅಂದರೆ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಕಪ್ಪು ಜೇಡಿಮಣ್ಣು, ಕಲಬುರಗಿಯ ಸುತ್ತಲಿನ ಬಯಲನ್ನು ತುಂಬಿದೆ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದತ್ತ ಸಾಗಿದಂತೆ ನೆಲ ಏರುತ್ತ ಬಣ್ಣ ಬದಲಿಸುತ್ತದೆ. ಅಲ್ಲಿ ಮಳೆ ಬಿಸಿಲುಗಳು ಕರಿಕಲ್ಲಿನ ಸಾರವನ್ನು ದೀರ್ಘಕಾಲ ತೊಳೆದು ಕಬ್ಬಿಣದ ಅಂಶವನ್ನು ಹೆಚ್ಚಾಗಿ ಉಳಿಸಿದ್ದರಿಂದ ಜಂಬಿಟ್ಟಿಗೆ ಕಲ್ಲೂ ಕೆಂಪು ಮಣ್ಣೂ ಮೂಡಿವೆ. ಎರೆಮಣ್ಣು ನೀರನ್ನು ಹಿಡಿದಿಟ್ಟರೆ ಜಂಬಿಟ್ಟಿಗೆ ಅದನ್ನು ತನ್ನ ರಂಧ್ರಗಳ ಮೂಲಕ ಇಳಿಯಬಿಡುತ್ತದೆ. ಈ ಎರಡು ಸ್ವಭಾವಗಳೇ ಇಲ್ಲಿನ ಬೇಸಾಯವನ್ನೂ ಬದುಕನ್ನೂ ರೂಪಿಸಿವೆ.

1347ರಲ್ಲಿ ಬಹಮನಿ ಅರಸರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು, ಕೋಟೆಯ ಸುತ್ತ ಅಗಲವಾದ ಕಂದಕ ತೋಡಿಸಿದರು. ಮಳೆಯನ್ನೇ ನಂಬಿದ ಈ ನಾಡು ಎಷ್ಟು ಸೂಕ್ಷ್ಮವಾದುದೆಂಬುದು 14ನೆಯ ಶತಮಾನದ ಕೊನೆಯಲ್ಲಿ ತಲೆದೋರಿದ ಬರದಲ್ಲಿ ಪ್ರಕಟವಾಯಿತು. ಆಗಿನ ಬಹಮನಿ ಸುಲ್ತಾನ ಎರಡನೆಯ ಮಹಮ್ಮದ್ ಷಾ ಮಾಳವ, ಗುಜರಾತುಗಳಿಂದ ಧಾನ್ಯ ತರಿಸಲು 10,000 ಎತ್ತುಗಳನ್ನು ತೊಡಗಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿ ಜಂಬಿಟ್ಟಿಗೆಯ ಎತ್ತರದ ಮೇಲಿರುವ ಬೀದರಿಗೆ ಸರಿದ ಮೇಲೂ ಕಲಬುರಗಿ ಕೆರೆಬಾವಿಗಳನ್ನು ನೆಚ್ಚಿಕೊಂಡೇ ಬೆಳೆಯಿತು. ಸಂತ ಶರಣಬಸವೇಶ್ವರರ ದಾಸೋಹದ, ಅಂದರೆ ಅನ್ನದಾನದ, ನೆಲೆಗೆ ಹತ್ತಿರದ ಅಪ್ಪನ ಕೆರೆ ಆ ಪರಂಪರೆಯನ್ನು ಇಂದಿಗೂ ನೆನಪಿಸುತ್ತಿದೆ.

ಎರೆನೆಲದಲ್ಲಿ ಹಿಂಗಾರಿ ಜೋಳವು ಮಳೆ ನಿಂತ ಮೇಲೂ ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತದೆ. ತೊಗರಿಯ ತಾಯಿಬೇರು ಇನ್ನೂ ಆಳಕ್ಕಿಳಿದು, ಮಳೆ ಕೈಕೊಟ್ಟ ವರ್ಷವೂ ಗಿಡವನ್ನು ಉಳಿಸುತ್ತದೆ. 1870ರ ಹೊತ್ತಿಗೆ ಮುಂಬಯಿಯಿಂದ ರಾಯಚೂರಿನತ್ತ ಸಾಗಿದ ರೈಲುಮಾರ್ಗ ಈ ಸೀಮೆಯ ಬೆಳೆಯನ್ನು ದೂರದ ಪೇಟೆಗಳಿಗೆ ಬೆಸೆಯಿತು. ಮುಂದೆ ತೊಗರಿಯ ಕಣಜವೆಂಬ ಹೆಸರು ಜಿಲ್ಲೆಗೆ ಅಂಟಿತು ಮತ್ತು 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕ, ಅಂದರೆ ಸ್ಥಳದ ಗುಣವನ್ನು ಕಾನೂನಿನಿಂದ ಕಾಯುವ ಗುರುತು, ದೊರೆಯಿತು. ಆದರೆ ಒಂದೇ ಬೆಳೆ ಹೊಲಗಳನ್ನು ಆವರಿಸಿದಂತೆ ಮಣ್ಣಿನಲ್ಲಿ ಉಳಿದು ಬೇರನ್ನು ಹಿಡಿಯುವ ನೆಟೆರೋಗವೂ ರೈತರನ್ನು ಕಾಡತೊಡಗಿತು.

ಅಂಥದೇ ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪುಬಾಳೆ ಕೆಂಪು ಮಣ್ಣಿನ ಕೊಡುಗೆಯಾಗಿದೆ. ನೀರು ಬಸಿದುಹೋಗುವ ನೆಲವನ್ನೂ ತಪ್ಪದ ನೀರನ್ನೂ ಒಟ್ಟಿಗೇ ಬಯಸುವ ಈ ಬಾಳೆ ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ತೆಗೆದುಕೊಳ್ಳುವುದರಿಂದ, ಬಾವಿ ಒಂದು ಬೇಸಗೆಯಲ್ಲಿ ಬತ್ತಿದರೂ ರೈತನ ಅಷ್ಟೂ ದಿನಗಳ ದುಡಿಮೆ ಕೈತಪ್ಪುತ್ತದೆ.

ಕೆಂಪು ನೆಲವನ್ನೂ ಕಪ್ಪು ನೆಲವನ್ನೂ ಬೆಣ್ಣೆತೊರಾ ನದಿ ಬೆಸೆಯುತ್ತದೆ. ಕಲಬುರಗಿ ಕಮಲಾಪುರಗಳ ನಡುವೆ ಕುರಿಕೋಟಾ ಸೇತುವೆಯ ಕೆಳಗೆ ಹರಿಯುವ ಈ ನದಿ, ಹೇರೂರಿನ ಅಣೆಕಟ್ಟೆಯನ್ನು ದಾಟಿ ಕಾಗಿಣಾ ನದಿಯನ್ನೂ ಅದರ ಮೂಲಕ ಭೀಮೆಯನ್ನೂ ಸೇರುತ್ತದೆ. ಭೀಮೆಯೊಂದಿಗೆ ಬೆಣ್ಣೆತೊರಾ ನದಿಯೂ ಕಲಬುರಗಿ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಭೀಮಾ ತೀರದ ಊರುಗಳನ್ನು ಮುಳುಗಿಸಿದ ನದಿವ್ಯವಸ್ಥೆಯೇ ಬೇಸಗೆಯಲ್ಲಿ ಸೊರಗುವುದನ್ನು ಕಂಡರೆ, ಇಲ್ಲಿನ ಮುಖ್ಯ ಪ್ರಶ್ನೆ ಮಳೆ ಎಷ್ಟು ಬಂತು ಎಂಬುದಕ್ಕಿಂತ ಬಂದ ಮಳೆ ಎಲ್ಲಿ ನಿಂತಿತು ಎಂಬುದೇ ಎಂದು ಸ್ಪಷ್ಟವಾಗುತ್ತದೆ. ಹೀಗಾಗಿ 2018ರಲ್ಲಿ ಕಮಲಾಪುರ ಬೇರೆ ತಾಲ್ಲೂಕಾಗಿದ್ದರೂ ಅದರ ದಿಬ್ಬಗಳ ಮರಗಿಡಗಳನ್ನೂ ಹಳ್ಳಗಳನ್ನೂ ಕಾಯುವ ಹೊಣೆಯಲ್ಲಿ ಅಲ್ಲಿಂದ ಹರಿದುಬರುವ ನೀರನ್ನು ಕುಡಿಯುವ ಕಲಬುರಗಿಗೂ ಪಾಲಿದೆ.